ಅಲ್ಲಿ ನಾಚಿಕೆ, ಇಲ್ಲಿ ಕರೆಂಟ್ ಬಿಲ್ಲು

ಊರಿಗೆ ಟಿಕೆಟ್ ಬುಕ್ ಮಾಡಿದ ಸುದ್ದಿಯನ್ನು ಆಫೀಸಿನಲ್ಲಿ ಕಾಫಿ ಹೊತ್ತಿಗೆ ಹೇಳಿದೆ. "ಪ್ರತಿ ವರ್ಷ ಅಷ್ಟು ದೂರ ವಿಮಾನದಲ್ಲಿ ಹೋಗ್ತೀಯಲ್ಲ, ಮನಸ್ಸಿಗೆ ಏನೂ ಅನ್ಸಲ್ವಾ?" ಅಂತ ಒಬ್ಬ ಕೇಳಿಯೇ ಬಿಟ್ಟ. ಅವನು ರಜೆಗೆ ಇಟಲಿಗೂ ರೈಲಿನಲ್ಲೇ ಹೋಗಿ ಬಂದವನು. ನಾನಿರೋದು ಸ್ವೀಡನ್ನಿನ ಉಮೆಯೊದಲ್ಲಿ, ಅವ್ವ ಇರೋದು ಧಾರವಾಡದ ಸಪ್ತಾಪುರದಲ್ಲಿ. ಪಂಚಮಿ ಉಂಡಿ ತಿನ್ನೋಕೆ ಅಂತ ರೈಲು ಹತ್ತಿದರೆ ದೀಪಾವಳಿಗೆ ಮುಟ್ಟಿಯೇನು. ನಕ್ಕು ಸುಮ್ಮನಾದೆ. ಮಾತು ಮಾತ್ರ ಚುಚ್ಚಿತು.

ಇಲ್ಲಿ 2018ರ ಆಸುಪಾಸಿನಲ್ಲಿ, ಅಷ್ಟೊಂದು ಹೊಗೆ ಉಗುಳುವ ವಿಮಾನ ಹತ್ತೋದೇ ನಾಚಿಕೆಗೇಡು ಅನ್ನೋ ಮಾತು ಜೋರಾಯ್ತು. ಆ ವರ್ಷದ ಏಪ್ರಿಲ್‌ನಿಂದ ಸರ್ಕಾರ ಟಿಕೆಟ್ ಮೇಲೆ ತೆರಿಗೆಯನ್ನೂ ಹಾಕಿತು. (2025ರ ಜುಲೈನಲ್ಲಿ ತೆಗೆದೂ ಬಿಟ್ಟಿತು, ಅದು ಬೇರೆ ಮಾತು.) ದೇಶದೊಳಗಿನ ವಿಮಾನಗಳಲ್ಲಿ ಜನ ಕಡಿಮೆಯಾದರು. ದೊಡ್ಡ ನಿಲ್ದಾಣಗಳು ಹೇಗೋ ತಡೆದುಕೊಳ್ಳುತ್ತವೆ. ಉಮೆಯೊದಂಥ ಸಣ್ಣ ನಿಲ್ದಾಣಕ್ಕೆ ಇದು ಹೊಟ್ಟೆಪಾಡಿನ ಪ್ರಶ್ನೆ. ಜನ ತಲೆ ಎತ್ತಿಕೊಂಡು ಒಳಗೆ ಬರಬೇಕಾದರೆ "ನಾವು ಹಸಿರು" ಅಂತ ತೋರಿಸಲೇಬೇಕು. ಈ ನಿಲ್ದಾಣ ನಡೆಸುವ ಸ್ವೇಡಾವಿಯಾ ಸರ್ಕಾರದ್ದೇ ಕಂಪನಿ. ಅದರ ಕೈಯಲ್ಲಿ 10 ನಿಲ್ದಾಣಗಳಿವೆ. 2020ರ ಹೊತ್ತಿಗೆ ತನ್ನ ಸ್ವಂತ ಕೆಲಸಕ್ಕೆ ಪೆಟ್ರೋಲ್, ಡೀಸೆಲ್ ಬೇಡ ಅಂತ ಗುರಿ ಇಟ್ಟುಕೊಂಡಿತು, ಮುಟ್ಟಿಯೂ ಬಿಟ್ಟಿತು. ರನ್‌ವೇ ಮೇಲಿನ ಹಿಮ ಬಳಿಯುವ ಲಾರಿಗಳಿಗೂ ಈಗ ಸಸ್ಯದ ಎಣ್ಣೆ, ಕೊಬ್ಬಿನಿಂದ ಮಾಡಿದ ಡೀಸೆಲ್.

ಒಳ್ಳೆಯದೇ. ಆದರೆ ಈ ಲೆಕ್ಕದಲ್ಲಿ ವಿಮಾನ ಕುಡಿಯುವ ಎಣ್ಣೆ ಇಲ್ಲ! ಹೊಗೆಯ ಬಹುಪಾಲು ಬರೋದೇ ಅದರಿಂದ. ಪ್ಲೇಟು ತುಂಬಾ ಜಿಲೇಬಿ ತಿಂದು, ಕೊನೆಗೆ ಸಕ್ಕರೆ ಇಲ್ಲದ ಚಹಾ ಕೇಳಿದ ಹಾಗಾಯ್ತು, ಅಲ್ವಾ?

ಈಗ ನಮ್ಮ ಹುಬ್ಬಳ್ಳಿಗೆ ಬನ್ನಿ. ಈ ಸಲ ಇಳಿಯುವಾಗ ಕಿಟಕಿ ಸೀಟು ಸಿಕ್ಕಿತ್ತು. ಎರೆ ಹೊಲಗಳು ಮುಗಿದು ನಿಲ್ದಾಣದ ಜಾಗ ಶುರುವಾಗುವಲ್ಲಿ ಸಾಲು ಸಾಲು ಸೋಲಾರ್ ಪ್ಯಾನಲ್ಲು, ಎಲ್ಲಾ ಒಂದೇ ಕಡೆ ಮುಖ ಮಾಡಿ ಬಾಗಿ ನಿಂತಿವೆ. ಅದು 8 ಮೆಗಾವ್ಯಾಟ್‌ನ ಘಟಕ. ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನಲ್ಲು ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ ಅಂತ ಹಿಡಿದರೆ, ದಿನಕ್ಕೆ 30 ಸಾವಿರ ಯೂನಿಟ್ ದಾಟುತ್ತದೆ. ಉಮೆಯೊದಲ್ಲಿ ಡಿಸೆಂಬರ್ ಬಂದರೆ ಮಧ್ಯಾಹ್ನ ಎರಡಕ್ಕೆಲ್ಲಾ ಕತ್ತಲೆ. ಅವರು ಕನಸಿನಲ್ಲೂ ಕಾಣದ ಬಿಸಿಲು ನಮ್ಮದು.

ಹೊರಗೆ ಬಂದು ಕಾರಿನ ಡ್ರೈವರ್‌ಗೆ ಕೇಳಿದೆ, ಈ ಪ್ಯಾನಲ್ಲಿನ ಬಗ್ಗೆ ಗೊತ್ತೇನು ಅಂತ. "ಹೂನ್ರಿ ಸರ, ಬಿಲ್ ಉಳೀಲಿ ಅಂತ ಹಾಕ್ಯಾರ. ಮತ್ಯಾಕ ಹಾಕ್ತಾರ್ರೀ?" ಅಂದ. ಭೂಮಿ, ಮುಂದಿನ ಪೀಳಿಗೆ, ಒಂದೂ ಇಲ್ಲ. ನನಗೆ ಯಾಕೋ ಆ ಉತ್ತರ ಬಹಳ ಹಿಡಿಸಿತು.

ಕೊಚ್ಚಿಯದ್ದೂ ಇದೇ ಕತೆ. ಪೂರ್ತಿ ಸೋಲಾರ್ ಮೇಲೆ ನಡೆಯುವ ಜಗತ್ತಿನ ಮೊದಲ ವಿಮಾನ ನಿಲ್ದಾಣ ಅಂತ ಅದು ಹೆಸರು ಮಾಡಿದ್ದು 2015ರ ಆಗಸ್ಟ್‌ನಲ್ಲಿ, 12 ಮೆಗಾವ್ಯಾಟ್ ಘಟಕದಿಂದ. ಆಗ ಅವರಿಗೆ ದಿನಕ್ಕೆ 48 ಸಾವಿರ ಯೂನಿಟ್ ಆಸುಪಾಸು ಕರೆಂಟು ಬೇಕಿತ್ತು. ಅಷ್ಟರ ಬಿಲ್ಲು ಕಟ್ಟೋನ ತಲೆಬಿಸಿ ಕಟ್ಟೋನಿಗೇ ಗೊತ್ತು. ಪ್ಯಾನಲ್ಲಿನ ಕೆಳಗೆ ತರಕಾರಿ ಬೆಳೆದದ್ದು, 2018ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಬಂದದ್ದು ಎಲ್ಲಾ ಆಮೇಲೆ. ವಿಮಾನ ನಿಲ್ದಾಣದಲ್ಲಿ ಹೇಗೂ ಖಾಲಿ ಜಾಗ ಬಿಡಲೇಬೇಕು. ಕಟ್ಟಡ ಕಟ್ಟೋಕೆ ಆಗದ ಕಡೆ ಪ್ಯಾನಲ್ಲು ಹಾಕಬಹುದು.

ಮನೆಗೆ ಬಂದರೆ ಅವ್ವನದೂ ಅದೇ ಧರ್ಮ. ಗೃಹಜ್ಯೋತಿ ಬಂದಾಗಿನಿಂದ ಮೀಟರ್ ನೋಡೋದು ಅವಳ ದಿನದ ಕೆಲಸ. ನಾನು ಕೋಣೆಯಿಂದ ಎದ್ದು ಬಂದರೆ ಸಾಕು, ಹಿಂದೆಯೇ ಹೋಗಿ ಫ್ಯಾನ್ ಆರಿಸುತ್ತಾಳೆ. "200 ದಾಟಿತಂದ್ರ ಪೂರ್ತಿ ಬಿಲ್ ಕಟ್ಟಬೇಕಾಕೈತಿ, ನಿಮ್ಮ ಸ್ವೀಡನ್ನಿನವ್ರು ಬಂದು ಕಟ್ತಾರೇನು?" ಅಂತಾಳೆ. ನನ್ನ ಸಹೋದ್ಯೋಗಿ ಮನೆಯ ಪ್ರತಿ ಕಿಟಕಿಯಲ್ಲಿ ಚಳಿಗಾಲವಿಡೀ ದೀಪ ಉರಿಯುತ್ತದೆ, ಯಾರೂ ಆರಿಸೋದಿಲ್ಲ. ಹೀಗಿರುವಾಗ ಯಾರು ಯಾರಿಗೆ ಬುದ್ಧಿ ಹೇಳಬೇಕು? ನಾಚಿಕೆಯಿಂದ ಮಾಡಿದ ಕೆಲಸಕ್ಕೆ ಬೋರ್ಡು ಬೇಕು, ಮೆಚ್ಚುಗೆ ಬೇಕು. ಬಿಲ್ಲಿಗೆ ಹೆದರಿ ಮಾಡಿದ ಕೆಲಸಕ್ಕೆ ತಿಂಗಳ ಕೊನೆಗೆ ಹಣ ಉಳಿದರೆ ಸಾಕು, ನಡೆದುಕೊಂಡು ಹೋಗುತ್ತದೆ. ನನ್ನ ಓಟು ಬಿಲ್ಲಿಗೇ.

ಹಾಂ, ಒಂದು ಮಾತು ಒಪ್ಪಲೇಬೇಕು, ಮನಸ್ಸಿಲ್ಲದಿದ್ದರೂ. ಬಿಲ್ಲಿನ ಆಸೆ ಕಾಂಪೌಂಡ್ ದಾಟೋದಿಲ್ಲ. ಉಮೆಯೊದಲ್ಲಿ ವಿಮಾನ ಇಳಿದವನು ಹಿಮ ಸುರಿಯುತ್ತಿದ್ದರೂ ಸಿಟಿ ಬಸ್ ಹತ್ತಿ ಮನೆಗೆ ಹೋಗುತ್ತಾನೆ. ನಮ್ಮಲ್ಲಿ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸು ಓಡೋದು ಪಿ.ಬಿ. ರೋಡಿನಲ್ಲಿ, ವಿಮಾನ ನಿಲ್ದಾಣ ಇರೋದು ಗೋಕುಲ ರೋಡಿನಲ್ಲಿ. ನಡುವೆ ಕೆಲವೇ ಕಿಲೋಮೀಟರ್, ಆದರೆ ಅದು ಯಾರ ಬಿಲ್ಲಿನಲ್ಲೂ ಬರೋದಿಲ್ಲವಲ್ಲ. ನನ್ನ ಜೊತೆ ಇಳಿದವರಲ್ಲಿ ಧಾರವಾಡದವರೇ ನಾಲ್ಕೈದು ಮಂದಿ ಇದ್ದರು. ಅದೇ ದಾರಿಗೆ ನಾಲ್ಕೈದು ಕಾರು ಹೊರಟವು, ಒಂದು ನನ್ನದು. ಸ್ವೀಡನ್ನಿನವನು ಜೊತೆಗಿದ್ದರೆ ಅಲ್ಲೇ ಹಿಡಿದು ಕೇಳುತ್ತಿದ್ದ, ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ.

ಹುಬ್ಬಳ್ಳಿಯ ಹೊಸ ಟರ್ಮಿನಲ್‌ಗೆ 2024ರ ಮಾರ್ಚ್‌ನಲ್ಲಿ ಅಡಿಗಲ್ಲು ಬಿದ್ದಿದೆ. ದೊಡ್ಡ ಕಟ್ಟಡ ಅಂದರೆ ಜಾಸ್ತಿ ಎಸಿ, ಜಾಸ್ತಿ ಜನ. ಎಸಿಯ ಚಿಂತೆ ನನಗಿಲ್ಲ, ಅದನ್ನು ಬಿಲ್ಲು ನೋಡಿಕೊಳ್ಳುತ್ತದೆ. ಟರ್ಮಿನಲ್ ಬಾಗಿಲಿಂದ ಚಿಗರಿ ಸ್ಟಾಪಿಗೆ ಗಂಟೆಗೊಂದು ಬಸ್ಸು ಬಿಡಲಿ. ಅಷ್ಟು ಮಾಡಿದರೆ, ಈ ಒಂದು ವಿಷಯ ಸ್ವೀಡನ್ನಿನವರಿಂದ ಕಲಿತೆವು ಅಂತ ಆಫೀಸಿನ ಕಾಫಿ ಹೊತ್ತಿಗೆ ನಾನೇ ಹೇಳಿಕೊಂಡು ಬರುತ್ತೇನೆ.