ಪೆಟ್ರೋಲ್ ವಾಸನೆಗೆ ಮುಂಗಡ ಬುಕ್ಕಿಂಗ್

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಪೆಟ್ರೋಲ್ ವಾಸನೆ ಪುಕ್ಕಟೆ. ಇಂದಿರಾನಗರದಲ್ಲಿ ಅದಕ್ಕೆ ಮೇಜು ಕಾದಿರಿಸಬೇಕು, ಮೇಲೆ ಸರ್ವಿಸ್ ಚಾರ್ಜು. ಶನಿವಾರ ಸಂಜೆಯ ವೈನ್ ಟೇಸ್ಟಿಂಗ್ ಅಂದರೆ ಇಷ್ಟೇ. ಜರ್ಮನಿಯ ಮೊಸೆಲ್ ಕಣಿವೆಯಿಂದ ಬಂದ ರೀಸ್ಲಿಂಗ್ ಎಂಬ ಬಿಳಿ ವೈನನ್ನು ವೈನ್ ಪಂಡಿತರು ಗ್ಲಾಸಿನ ತಳ ನೆನೆಯುವಷ್ಟು ಸುರಿದು, "ಏನು ವಾಸನೆ ಬಂತು?" ಎಂದು ಕೇಳುತ್ತಾರೆ. ಔಟರ್ ರಿಂಗ್ ರೋಡಿನಲ್ಲಿ ಬಸ್ಸಿನ ಹೊಗೆ ಕುಡಿಯುತ್ತಲೇ ತೆವಳಿ ಬಂದ ದಂಪತಿ ಕಣ್ಣು ಮುಚ್ಚಿ, ಮೂಗನ್ನು ಗ್ಲಾಸಿಗೆ ಇಳಿಬಿಟ್ಟು, ಪರವಶರಾಗಿ ಹೇಳುತ್ತಾರೆ: "ಪೆಟ್ರೋಲ್!" ಸುತ್ತ ಚಪ್ಪಾಳೆ.

ಉತ್ತರ ಸರಿಯಾದದ್ದೇ. ರೀಸ್ಲಿಂಗ್‌ಗೆ ವಯಸ್ಸಾಗುತ್ತ ಟಿಡಿಎನ್ ಎಂಬ, ಪೆಟ್ರೋಲ್ ವಾಸನೆಯ ರಾಸಾಯನಿಕ ಅದರಲ್ಲಿ ಮೂಡುತ್ತದೆ. ದ್ರಾಕ್ಷಿ ಬಿಸಿಲು ಕಂಡಷ್ಟೂ ಈ ಗುಣ ಜಾಸ್ತಿ. ಬಲ್ಲವರು ಅದನ್ನು ಮೆಚ್ಚುತ್ತಾರೆ, ಮೆಚ್ಚಲಿ. ನನ್ನ ತಕರಾರು ವೈನಿನ ಮೇಲಲ್ಲ. ಬೆಳ್ಳಂದೂರಿನ ಕೆರೆಗೇ ಬೆಂಕಿ ಬಿದ್ದದ್ದನ್ನು 2017ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಮೂಸಿ ನೋಡಿದ ಊರಿನ ಮೂಗಿಗೆ ಈಗ ತರಬೇತಿ ಕೊಡುತ್ತೇವೆ ಎಂದು ಹೊರಟಿದ್ದಾರಲ್ಲ, ಆ ಧೈರ್ಯ ದೊಡ್ಡದು.

ಎರಡನೇ ಗ್ಲಾಸು ಸೊವಿನ್ಯೋನ್ ಬ್ಲಾಂ, ಇದೂ ಬಿಳಿ ವೈನೇ. ಇದರಲ್ಲಿ ಮೂಸಬೇಕಾದ್ದನ್ನೆಲ್ಲ ಮೊದಲೇ ಅಚ್ಚು ಹಾಕಿಸಿ ಕೈಗೆ ಕೊಟ್ಟಿರುತ್ತಾರೆ: ಕತ್ತರಿಸಿದ ಹುಲ್ಲು, ಗೂಸ್‌ಬೆರ್ರಿ, ಬೆಕ್ಕಿನ ಉಚ್ಚೆ. ಗೂಸ್‌ಬೆರ್ರಿ ಯುರೋಪಿನ ಹಣ್ಣು, ನಮ್ಮ ಬೆಟ್ಟದ ನೆಲ್ಲಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಆದರೂ ಜನ್ಮದಲ್ಲಿ ಅದನ್ನು ನೋಡದವರೆಲ್ಲ "ಹೌದು ಹೌದು, ಬಂತು" ಎಂದು ತಲೆಯಾಡಿಸುತ್ತಾರೆ. ಉಪ್ಪಿನಕಾಯಿ ಜಾಡಿ ನೆನೆದೇ ಆಡಿಸುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಬೆಕ್ಕಿನ ವಿಷಯ ಇನ್ನೂ ಚೆಂದ. ಬೇಸ್‌ಮೆಂಟಿನಲ್ಲಿ ಬೆಕ್ಕು ಉಚ್ಚೆ ಹೊಯ್ಯಿತೆಂದು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆ ಯುದ್ಧ ಸಾರಿದ ಕಾರ್ಯದರ್ಶಿಗಳೇ ಸಂಜೆ ಅದೇ ವಾಸನೆಗೆ "ಎಷ್ಟು ಸೊಗಸು!" ಎಂದು ಇನ್ನೊಂದು ಗ್ಲಾಸು ಕೇಳುತ್ತಾರೆ. ಪಟ್ಟಿಯಲ್ಲಿ ಇಲ್ಲದ, ಆದರೆ ಗ್ಲಾಸಿನಲ್ಲಿ ನಿಜಕ್ಕೂ ಇರುವ ಒಂದು ವಾಸನೆ ದೊಣ್ಣೆ ಮೆಣಸಿನಕಾಯಿಯದು. ಎರಡರಲ್ಲೂ ಇರುವುದು ಪೈರಜೀನ್ ಎಂಬ ಒಂದೇ ಜಾತಿಯ ವಸ್ತು. "ಸಾರ್, ಕ್ಯಾಪ್ಸಿಕಂ ಬೋಂಡ" ಎಂದು ಯಾರಾದರೂ ನಿಜ ನುಡಿದರೆ ಪಂಡಿತರ ಹುಬ್ಬು ಮೇಲೇರುತ್ತದೆ.

ಗೆವುರ್ಟ್ಸ್‌ಟ್ರಾಮಿನರ್ ಬಂದಾಗಲೂ ಇದೇ ಕಥೆ. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದಲ್ಲಿ ಹೆಸರು ಮಾಡಿದ, ಗುಲಾಬಿ ಸಿಪ್ಪೆಯ ದ್ರಾಕ್ಷಿಯ ವೈನು. ಹೆಸರು ಹೇಳಲು ಹೆದರಿ ಎಲ್ಲರೂ ಬೆರಳು ತೋರಿಸಿಯೇ ಕೇಳುತ್ತಾರೆ. ಇದರಲ್ಲಿ ಲಿಚಿ ಹಣ್ಣಿನ ಪರಿಮಳ ಇದೆಯೆಂದು ಪಾಠ. ಲಿಚಿಗೂ ಗುಲಾಬಿಗೂ ಈ ವೈನಿಗೂ ರೋಸ್ ಆಕ್ಸೈಡ್ ಎಂಬ ವಸ್ತು ಸಮಾನ ಆಸ್ತಿ. ಹಾಗಾಗಿ "ಛತ್ರದ ಬಾಗಿಲಲ್ಲಿ ಚಿಮುಕಿಸುವ ಪನ್ನೀರು" ಎಂದು ಪಿಸುಗುಟ್ಟಿದ ಮಲ್ಲೇಶ್ವರದ ಅಜ್ಜಿಗೆ ಪೂರ್ತಿ ಅಂಕ ಸಲ್ಲಬೇಕು. ಸಲ್ಲುವುದಿಲ್ಲ. ಪನ್ನೀರು ಪಟ್ಟಿಯಲ್ಲಿಲ್ಲ.

ಈ ಅಜ್ಜಿ ಒಂದು ಗುಟುಕು ಕುಡಿದು, "ಮೂಗಿಗೆ ಸಿಹಿ, ನಾಲಿಗೆಗೆ ಸಕ್ಕರೇನೇ ಇಲ್ಲವಲ್ಲ?" ಎಂದಾಗ ಮೇಜೆಲ್ಲ ನಕ್ಕಿತೆಂದು ಇಟ್ಟುಕೊಳ್ಳಿ. ಇಡೀ ಸಂಜೆಯ ಬುದ್ಧಿವಂತ ಪ್ರಶ್ನೆ ಅದೊಂದೇ. ಇಂಥ ವೈನನ್ನು ಡ್ರೈ ಅನ್ನುತ್ತಾರೆ. ಡ್ರೈ ಅಂದರೆ ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ಪೂರ್ತಿ ತಿಂದು ಆಲ್ಕೋಹಾಲ್ ಮಾಡಿದೆ ಎಂದರ್ಥ. ಪರಿಮಳ ಮಾತ್ರ ಉಳಿದು ನಮ್ಮನ್ನು ಏಮಾರಿಸುತ್ತದೆ. ಜರ್ಮನಿಯ ಬಾಟಲಿಯ ಮೇಲೆ ‘ಟ್ರಾಕನ್’, ಅಂದರೆ ಡ್ರೈ, ಎಂದಿದ್ದರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ಪೋರ್ಟ್ ವೈನನ್ನು ಕ್ರಿಸ್‌ಮಸ್ ಕೇಕಿನ ಜೊತೆ ಹೀರಿ ಬೆಳೆದ ಊರಿಗೆ ಇದು ಮೋಸ ಅನಿಸಿದರೆ ಅಜ್ಜಿಯ ತಪ್ಪೇನು?

ಊಟಕ್ಕೆ ಬರೋಣ, ಹಗರಣ ಇರುವುದೇ ಅಲ್ಲಿ. ಫ್ರಾನ್ಸಿನ ಲುವಾರ್ ಕಣಿವೆಯವರು ಸೊವಿನ್ಯೋನ್ ಬ್ಲಾಂ ಜೊತೆ ಮೇಕೆ ಹಾಲಿನ ಚೀಸ್ ತಿನ್ನುತ್ತಾರೆ, ಊರಿನಲ್ಲಿ ಸಿಗುವುದೇ ಅದು ಎಂದು. ನಾವು ಆ ಚೀಸನ್ನು ವಿಮಾನ ಹತ್ತಿಸಿ ತರಿಸುತ್ತೇವೆ. ಆ ಜೋಡಿಯ ಗುಟ್ಟು ಹುಳಿ ಮತ್ತು ಹಸಿರು ವಾಸನೆ. ತಟ್ಟೆಯ ಹುಳಿಗಿಂತ ಗ್ಲಾಸಿನ ಹುಳಿ ಒಂದು ತೂಕ ಹೆಚ್ಚಿರಬೇಕು, ಇಲ್ಲದಿದ್ದರೆ ವೈನು ಸಪ್ಪೆ. ನಿಂಬೆ ಹಿಂಡಿದ, ಕೊತ್ತಂಬರಿ ಉದುರಿಸಿದ ಸೌತೆಕಾಯಿ ಕೋಸಂಬರಿ ಈ ಕೆಲಸವನ್ನು ಚೀಸಿಗಿಂತ ಚೆನ್ನಾಗಿ ಮಾಡುತ್ತದೆ. ಮಾವಿನಕಾಯಿ ಚಿತ್ರಾನ್ನವೂ ಅಷ್ಟೇ. ಕರಾವಳಿಯ ಕಾಣೆ ಫ್ರೈ ಪಕ್ಕದಲ್ಲಿ ಡ್ರೈ ರೀಸ್ಲಿಂಗ್ ಇಟ್ಟು ನೋಡಿ. ತೆಂಗಿನಹಾಲಿನ ಪದಾರ್ಥಕ್ಕೆ ವಿಯೊನ್ಯೆ ಎಂಬ ಇನ್ನೊಂದು ಬಿಳಿ ವೈನು. ಆದರೆ ಗುಂಟೂರು ಖಾರದ ಆಂಧ್ರ ಮೀಲ್ಸ್ ಎದುರು ಮಾತ್ರ ಹುಷಾರು: ಆಲ್ಕೋಹಾಲ್ ಜಾಸ್ತಿಯಾದಷ್ಟೂ ಖಾರ ಭುಗಿಲೇಳುತ್ತದೆ. ಅಲ್ಲಿ ಗೆವುರ್ಟ್ಸ್‌ಟ್ರಾಮಿನರ್ ತೆರೆಯುವುದು ಉರಿಗೆ ತುಪ್ಪ ಸುರಿದ ಹಾಗೆ. ಕಡಿಮೆ ಆಲ್ಕೋಹಾಲಿನ, ತುಸು ಸಿಹಿ ಉಳಿಸಿಕೊಂಡ ರೀಸ್ಲಿಂಗ್ ಆದರೆ ಕಾಪಾಡೀತು.

ವೈನಿಗೆ ತಿನಿಸು ಜೋಡಿಸಿ ಬಡಿಸುವ ಪೇರಿಂಗ್ ಡಿನ್ನರ್‌ಗಳಿಗೆ ಕೋಸಂಬರಿ ಬರುವುದೇ ಇಲ್ಲ ಅಂದುಕೊಳ್ಳಬೇಡಿ. ಬರುತ್ತದೆ, ವೇಷ ಹಾಕಿಕೊಂಡು. ಮೊನ್ನೆ ರಾಮನವಮಿಯಲ್ಲಿ ದೊನ್ನೆಯಲ್ಲಿ ಹಂಚಿದ್ದು ಇಲ್ಲಿ ಅಂಗೈ ಅಗಲದ ಕಪ್ಪು ಕಲ್ಲಿನ ಮೇಲೆ ಚಮಚದಷ್ಟು ಕೂತು ‘ಲೆಂಟಿಲ್ ಸೆವಿಚೆ’ ಆಗಿದೆ.

ಸರ್ಕಾರವೂ ಈ ನಾಟಕಕ್ಕೆ ತನ್ನ ಪಾಲು ಸಲ್ಲಿಸಿದೆ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸು ಅನ್ನುತ್ತದೆ. 2025-26ರ ರಾಜ್ಯ ಬಜೆಟ್ ಅಬಕಾರಿಯಿಂದ 40,000 ಕೋಟಿ ರೂಪಾಯಿ ತಾ ಅಂದಿತ್ತು. ನಡುವೆ 2007ರ ವೈನ್ ನೀತಿ ದ್ರಾಕ್ಷಿ ಬೆಳೆ, ವೈನ್ ಮಾಡು ಎಂದು ಬೆನ್ನು ತಟ್ಟುತ್ತದೆ. ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ, ಸೊವಿನ್ಯೋನ್ ಬ್ಲಾಂ, ವಿಯೊನ್ಯೆ ಎರಡೂ ಬೆಳೆಯುತ್ತವೆ. ಟೇಸ್ಟಿಂಗ್ ಮೇಜಿನಲ್ಲಿ ಅವುಗಳ ಮಾತೆತ್ತಿದರೆ "ಲೋಕಲ್ಲಾ?" ಎಂಬ ಪ್ರಶ್ನೆ, ಕೊಳಾಯಿ ನೀರಿನ ವಿಷಯ ಎತ್ತಿದವರನ್ನು ಕೇಳುವ ದನಿಯಲ್ಲಿ.

ಆ ಬಾಟಲಿಯನ್ನು ಬಡಾವಣೆಯ ಮದ್ಯದಂಗಡಿಯಲ್ಲಿ ಹುಡುಕಿ ನೋಡಿ. 8ರಿಂದ 10 ಡಿಗ್ರಿ ತಂಪಿನಲ್ಲಿ ಕುಡಿಯಬೇಕಾದ, ಎಳೆಯದಾಗಿದ್ದಾಗಲೇ ಮುಗಿಸಬೇಕಾದ ಬಿಳಿ ವೈನು ಪಶ್ಚಿಮದ ಬಿಸಿಲಿಗೆ ಎದೆಯೊಡ್ಡಿ ಶೋಕೇಸಿನಲ್ಲಿ ನಿಂತಿರುತ್ತದೆ. ಕೇಳಿದರೆ ಅಂಗಡಿಯವನು ಧೂಳು ಊದಿ, "ಹಳೇ ಮಾಲು ಸಾರ್, ಹಳೇದಾದಷ್ಟೂ ಒಳ್ಳೇದು" ಎಂದು ಎಂಆರ್‌ಪಿಗಿಂತ ಹತ್ತು ರೂಪಾಯಿ ಜಾಸ್ತಿ ಕೇಳಿಯಾನು. ಜೊತೆಗೆ ತಿನ್ನಲು ಏನು ಒಪ್ಪುತ್ತದಪ್ಪಾ ಎಂದು ಅವನನ್ನೇ ವಿಚಾರಿಸಿ. ಯಾವ ಪಟ್ಟಿಯನ್ನೂ ಓದಿಲ್ಲದ ಆಸಾಮಿ ಪಕ್ಕದ ತಳ್ಳುಗಾಡಿ ತೋರಿಸುತ್ತಾನೆ: "ಕಡ್ಲೆಬೀಜ ಮಸಾಲೆ ತಗೊಳ್ಳಿ ಸಾರ್. ಖಾರ ಕಮ್ಮಿ, ನಿಂಬೆಹಣ್ಣು ಎರಡು ಹೋಳು ಜಾಸ್ತಿ ಹಿಂಡೋಕೆ ಹೇಳಿ."