ಬೆಳೆದ ನಾಯಿಗೆ ವರ್ಷವರ್ಷವೂ ಎಲ್ಲ ಲಸಿಕೆ: ಬೇಕೇ, ಬೇಡವೇ?

"ಹೋದ ವರ್ಷ ತಾನೇ ಹಾಕಿಸಿದ್ದೆವಲ್ಲ ಡಾಕ್ಟ್ರೇ, ಈ ವರ್ಷ ಮತ್ತೆ ಬೇಕಾ?" ಎಂಬ ಮಾತು ಚಿಕ್ಕಮಗಳೂರು ಜಿಲ್ಲೆಯ ಯಾವ ಪಶು ಆಸ್ಪತ್ರೆಯ ಜಗಲಿಯಲ್ಲಾದರೂ ಕಿವಿಗೆ ಬೀಳುತ್ತದೆ. ಮರಿಗೆ ಲಸಿಕೆ ಬೇಕೆಂಬುದನ್ನು ಈಗ ಹೆಚ್ಚಿನವರು ಒಪ್ಪಿದ್ದಾರೆ. ಬೆಳೆದ ನಾಯಿಗೆ ರೇಬೀಸ್ ಚುಚ್ಚುಮದ್ದಿನ ಜೊತೆಗೆ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್, ಇಲಿಜ್ವರಗಳನ್ನೆಲ್ಲ ಒಳಗೊಂಡ 'ಸೆವೆನ್ ಇನ್ ಒನ್' ಅಥವಾ 'ನೈನ್ ಇನ್ ಒನ್' ಲಸಿಕೆಯನ್ನು ಪ್ರತಿವರ್ಷ ಹಾಕಿಸಲೇಬೇಕೇ ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಎರಡೂ ಪಕ್ಷಗಳ ವಾದವನ್ನು ಇಲ್ಲಿ ಬರೆದಿದ್ದೇನೆ. ನನ್ನ ಒಲವು ಎತ್ತ ಎಂಬುದು ಓದುಗರಿಗೆ ತಿಳಿಯದೆ ಇರದು.

ಪರ

ಈ ವಾದ ರೇಬೀಸಿನಿಂದಲೇ ಆರಂಭವಾಗಬೇಕು, ಏಕೆಂದರೆ ಚುಚ್ಚುವುದು ನಾಯಿಗಾದರೂ ಕಾಯುವುದು ಮನುಷ್ಯರನ್ನು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 18,000ದಿಂದ 20,000 ಮಂದಿ ಈ ರೋಗಕ್ಕೆ ಬಲಿಯಾಗುತ್ತಾರೆ, ಅವರಲ್ಲಿ ಮಕ್ಕಳ ಪಾಲು ದೊಡ್ಡದು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಕಾಫಿ ತೋಟದ ನಾಯಿ ರಾತ್ರಿ ಎಲ್ಲೆಲ್ಲಿ ಅಲೆಯಿತು, ಯಾವ ಬೀದಿನಾಯಿಯ ಜೊತೆ, ಯಾವ ನರಿ ಅಥವಾ ಮುಂಗುಸಿಯ ಜೊತೆ ಕಾದಾಡಿತು ಎಂಬುದು ಯಜಮಾನರಿಗೆ ತಿಳಿಯುವುದಿಲ್ಲ. ಬೆಳಗಾದರೆ ಅದೇ ನಾಯಿ ತೋಟದ ಕೂಲಿಕಾರರ ಲೈನ್‌ಮನೆಯ ಮಕ್ಕಳ ನಡುವೆ ಇರುತ್ತದೆ. ಹಣ್ಣು ಕೊಯ್ಯಲು ಬೇರೆ ಊರಿನಿಂದ ಬಂದ ಕುಟುಂಬವೊಂದರ ಮಗುವಿಗೆ ಅದರ ಹಲ್ಲು ತಾಗಿ ಸಣ್ಣ ಗೀರಾದರೆ, ಸಾಹುಕಾರರ ನಾಯಿಯ ಮೇಲೆ ದೂರು ಹೇಳುವುದು ಹೇಗೆಂದು ಸುಮ್ಮನಾಗುವ ತಾಯಿಯರೂ ಇದ್ದಾರೆ. ಇಂಥ ಕಡೆ ಯಾವ ವರ್ಷ ಹಾಕಿಸಿದ್ದೆವು, ಯಾವ ವರ್ಷ ಬಿಟ್ಟೆವು ಎಂಬ ಲೆಕ್ಕಾಚಾರಕ್ಕೆ ಎಡೆಯೇ ಇರಬಾರದು. ವರ್ಷಕ್ಕೊಮ್ಮೆ ಎಂಬ ನಿಯಮವನ್ನು ಯಾರೂ ಮರೆಯುವುದಿಲ್ಲ, ಮೂರು ವರ್ಷಕ್ಕೊಮ್ಮೆ ಎಂದರೆ ಎಲ್ಲರೂ ಮರೆಯುತ್ತಾರೆ.

ಇಲಿಜ್ವರದ ವಿಷಯದಲ್ಲಿ ಮಲೆನಾಡಿನವರಿಗೆ ವಾರ್ಷಿಕ ಲಸಿಕೆಯ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಪ್ಪ, ಶೃಂಗೇರಿಗಳ ಕಡೆ ನೆಲ ಒಣಗುವುದೇ ಇಲ್ಲ. ಗೋದಾಮಿನ ಮೂಟೆಗಳ ಸಂದಿಯಲ್ಲಿ, ಗದ್ದೆಯ ಬದುವಿನಲ್ಲಿ ಇಲಿಗಳು ಮೂತ್ರ ಮಾಡಿದ ನೀರನ್ನು ನಾಯಿ ನೆಕ್ಕುತ್ತದೆ, ಅದೇ ಕೆಸರಿನಲ್ಲಿ ಗಾಯವಾದ ಕಾಲಿಟ್ಟು ನಡೆಯುತ್ತದೆ. ಈ ಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ನಾಯಿಯ ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಕೆಡಿಸುವುದಲ್ಲದೆ, ಆ ನಾಯಿಯ ಮೂತ್ರದ ಮೂಲಕ ಮನೆಯವರಿಗೂ ದಾಟಬಲ್ಲದು. ಈ ಲಸಿಕೆಯ ರಕ್ಷಣೆ ಸುಮಾರು ಒಂದು ವರ್ಷದ್ದು ಮಾತ್ರ. ಭದ್ರಾ ಅಭಯಾರಣ್ಯದ ಅಂಚಿನ ಊರುಗಳವರು ಇನ್ನೊಂದನ್ನೂ ನೆನೆಯಬೇಕು: 2018ರಲ್ಲಿ ಗುಜರಾತಿನ ಗೀರ್‌ನಲ್ಲಿ ಸಾಲುಸಾಲಾಗಿ ಸಿಂಹಗಳು ಸತ್ತಾಗ ಅವುಗಳಲ್ಲಿ ಪತ್ತೆಯಾದದ್ದು ನಾಯಿಗಳ ಡಿಸ್ಟೆಂಪರ್ ವೈರಸ್.

ವಿದೇಶ ಪ್ರಯಾಣದ ಪ್ರಶ್ನೆ ಬಂದಾಗ ಅಶಿಸ್ತಿನ ಬೆಲೆ ಏನೆಂದು ತಿಳಿಯುತ್ತದೆ. ಬೆಂಗಳೂರಿನಲ್ಲಿದ್ದ ಮಗಳಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿ, ತೋಟದ ಮನೆಯಲ್ಲಿ ಬಿಟ್ಟುಹೋದ ನಾಯಿಯನ್ನು ಕರೆಸಿಕೊಳ್ಳಬೇಕೆಂದಾಗ ತಂದೆ ತಾಯಿಗಳು ಕಾರ್ಡು ಹುಡುಕತೊಡಗುತ್ತಾರೆ. ಯುರೋಪ್ ಒಕ್ಕೂಟದ ನಿಯಮದ ಪ್ರಕಾರ ಮೊದಲು 15 ಅಂಕಿಗಳ ಮೈಕ್ರೋಚಿಪ್ ಅಳವಡಿಸಿ, ಆಮೇಲೆ ರೇಬೀಸ್ ಲಸಿಕೆ ಹಾಕಿಸಬೇಕು. ಕನಿಷ್ಠ 30 ದಿನ ಕಳೆದು ರಕ್ತ ತೆಗೆದು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ಟಿಗೆ ಕಡಿಮೆಯಿಲ್ಲವೆಂದು ಖಚಿತವಾಗಬೇಕು. ಭಾರತದಿಂದ ಹೋಗುವ ನಾಯಿ ರಕ್ತ ಕೊಟ್ಟ ದಿನದಿಂದ ಇನ್ನೂ ಮೂರು ತಿಂಗಳು ಕಾಯಬೇಕು. ಬೂಸ್ಟರ್‌ಗಳನ್ನು ಅವಧಿಯೊಳಗೆ ಹಾಕಿಸುತ್ತಿದ್ದರೆ ಆ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸಬೇಕಾಗಿಲ್ಲ. ಒಂದು ದಿನ ತಪ್ಪಿದರೂ ಮೊದಲಿನಿಂದ ಆರಂಭ. ಜಪಾನಿಗಾದರೆ ರಕ್ತಪರೀಕ್ಷೆಯ ನಂತರ 180 ದಿನ ಕಾಯಬೇಕು. ಅಮೆರಿಕವೂ 2024ರ ಆಗಸ್ಟ್‌ನಿಂದ ಭಾರತದಂಥ ದೇಶಗಳ ನಾಯಿಗಳಿಗೆ ಚಿಪ್, ಕನಿಷ್ಠ ಆರು ತಿಂಗಳ ವಯಸ್ಸು, ರೇಬೀಸ್ ಲಸಿಕೆಯ ಪ್ರಮಾಣಪತ್ರಗಳನ್ನು ಕಡ್ಡಾಯ ಮಾಡಿದೆ. ಎಂದು ಹೊರಡಬೇಕಾದೀತೋ ತಿಳಿಯದ ಮನೆಯವರು ತಾರೀಖು ತಪ್ಪಿಸದೆ ಇರುವುದೇ ಲೇಸು.

ವಿರೋಧ

ರೇಬೀಸ್ ಬಗ್ಗೆ ಈ ಪಕ್ಷಕ್ಕೆ ತಕರಾರಿಲ್ಲ. ಮೂರು ವರ್ಷಕ್ಕೊಮ್ಮೆ ಹಾಕಿದರೆ ಸಾಕೆಂದು ಪರವಾನಗಿ ಪಡೆದ ರೇಬೀಸ್ ಲಸಿಕೆಗಳಿದ್ದರೂ, ರೋಗ ಇಷ್ಟು ವ್ಯಾಪಕವಾಗಿರುವ ನಾಡಿನಲ್ಲಿ ವರ್ಷಕ್ಕೊಮ್ಮೆ ಹಾಕಿಸುವುದನ್ನು ಯಾರೂ ತಪ್ಪೆನ್ನಲಾರರು. ತಕರಾರಿರುವುದು ರೇಬೀಸಿನ ಭಯದ ನೆರಳಿನಲ್ಲಿ ಉಳಿದೆಲ್ಲ ಲಸಿಕೆಗಳೂ ಪ್ರತಿವರ್ಷ ನಾಯಿಯ ಮೈ ಸೇರುತ್ತಿರುವುದರ ಬಗ್ಗೆ.

ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್‌ಗಳ ಲಸಿಕೆಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಮರಿಯಾಗಿದ್ದಾಗಿನ ಸರಣಿ ಸರಿಯಾಗಿ ಮುಗಿದು, ಒಂದು ಬೂಸ್ಟರ್ ಬಿದ್ದ ನಾಯಿಯಲ್ಲಿ ಇವುಗಳ ರಕ್ಷಣೆ ಹಲವು ವರ್ಷ ಉಳಿಯುತ್ತದೆ. ವಿಶ್ವ ಸಣ್ಣಪ್ರಾಣಿ ಪಶುವೈದ್ಯರ ಸಂಘದ ಮಾರ್ಗಸೂಚಿ ಆ ನಂತರ ಈ ಮೂರನ್ನು ಮೂರು ವರ್ಷಕ್ಕಿಂತ ಬೇಗ ಮರುಕಳಿಸಬಾರದೆಂದೇ ಹೇಳುತ್ತದೆ. ಈಗಾಗಲೇ ರಕ್ಷಣೆ ಇರುವ ದೇಹಕ್ಕೆ ಮತ್ತೆ ಹಾಕಿದ ಲಸಿಕೆ ಹೊಸದೇನನ್ನೂ ಕೊಡುವುದಿಲ್ಲ, ಆದರೆ ಅಪಾಯದ ಸಣ್ಣ ಪಾಲನ್ನು ಪ್ರತಿಸಲವೂ ತರುತ್ತದೆ: ಮುಖ ಊದುವುದು, ವಾಂತಿ, ತೀರಾ ಅಪರೂಪಕ್ಕೆ ಕುಸಿದು ಬೀಳುವುದು. ಸಣ್ಣ ತಳಿಗಳಿಗೆ ಒಂದೇ ದಿನ ಹಲವು ಲಸಿಕೆ ಹಾಕಿಸಿದಾಗ ಇಂಥದ್ದು ಹೆಚ್ಚು.

ಇಲಿಜ್ವರದ ಲಸಿಕೆ ವಾರ್ಷಿಕವಾಗಿಯೇ ಬೇಕು, ಅದೂ ಮುಂಗಾರಿಗೆ ಮುಂಚೆ. ಅದು ಪ್ರತ್ಯೇಕ ಲಸಿಕೆಯಾಗಿಯೂ ಸಿಗುತ್ತದೆ. ಕೇಳಿದರೆ ಪಶುವೈದ್ಯರು ತರಿಸಿಕೊಟ್ಟಾರು. ಆದರೂ ಆ ಒಂದಕ್ಕಾಗಿ ಉಳಿದೆಲ್ಲವನ್ನೂ ಕೂಡಿಸಿ ಹಾಕುವುದು ರೂಢಿಯಾಗಿದೆ. ಅಲ್ಲದೆ ಲೆಪ್ಟೊಸ್ಪೈರಾದಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ, ಲಸಿಕೆಯಲ್ಲಿರುವುದು ಕೆಲವು ಮಾತ್ರ. ಇಲಿ ಕಾಟ ತಡೆಯದೆ ಚುಚ್ಚುಮದ್ದನ್ನೇ ನಂಬಿದರೆ ಸಾಲದು.

ಈ ವಾರ್ಷಿಕ ಶಿಸ್ತು ನಿಜವಾಗಿ ಬೇಕಾಗಿದ್ದ ಜಾಗದಲ್ಲಿ ಕಾಣುವುದಿಲ್ಲ ಎಂಬುದೇ ದೊಡ್ಡ ಆಕ್ಷೇಪ. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮರಿಯ ಮೈಯಲ್ಲಿರುವಷ್ಟು ಕಾಲ ಲಸಿಕೆಯನ್ನು ನಿಷ್ಫಲಗೊಳಿಸಬಲ್ಲವು. ಅದಕ್ಕಾಗಿಯೇ ಆರೆಂಟು ವಾರಕ್ಕೆ ಆರಂಭಿಸಿ, ಕೊನೆಯ ಡೋಸು 16 ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ನಮ್ಮಲ್ಲಿ ಬಹಳಷ್ಟು ಮರಿಗಳಿಗೆ ಎರಡು ಡೋಸಿಗೇ ಮುಗಿಯುತ್ತದೆ, ಪಾರ್ವೊ ಬಂದು ರಕ್ತಭೇದಿಯಾಗಿ ಸಾಯುವುದು ಆ ಸಂದಿನಲ್ಲೇ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕೆಂಬುದೂ ಇದಕ್ಕೆ ಸೇರಿದ ಮಾತೇ. ಆಷಾಢದ ಗಾಳಿಗೆ ಮರ ಬಿದ್ದು ವಾರಗಟ್ಟಲೆ ಕರೆಂಟಿಲ್ಲದ ಹೋಬಳಿಯಲ್ಲಿ, ಬಾಟಲಿಯ ತಳದಲ್ಲಿರುವ ಆ ಬಿಳಿ ಒಣಬಿಲ್ಲೆಯನ್ನು ದ್ರವದಲ್ಲಿ ಕದಡಿ ಚುಚ್ಚಿದ ಮೇಲೆ ಅದು ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ಕಾರ್ಡಿಗೆ ಅಂಟಿಸಿದ ಲೇಬಲ್ಲಿನಲ್ಲಿ ಬ್ಯಾಚ್ ಸಂಖ್ಯೆಯೂ ಅವಧಿ ಮುಗಿಯುವ ತಿಂಗಳೂ ಇರುತ್ತವೆ, ಬಾಟಲಿ ಎಷ್ಟು ದಿನ ಬೆಚ್ಚಗಿತ್ತೆಂಬುದು ಇರುವುದಿಲ್ಲ. ಇನ್ನು ಉಣುಗಿನಿಂದ ಬರುವ ಎರ್ಲಿಕಿಯಾ, ಬಬೀಸಿಯಾ ಜ್ವರಗಳಿಗೆ ನೈನ್ ಇನ್ ಒನ್‌ನಲ್ಲಿ ಮದ್ದಿಲ್ಲ. ತೋಟದ ನಾಯಿಗಳನ್ನು ವರ್ಷವಿಡೀ ಕಾಡುವುದು ಅವೇ.

ಪ್ರಯಾಣದ ವಾದವೂ ಅರ್ಧ ಸತ್ಯ. ಯುರೋಪಿಗೆ ಹೊರಟ ನಾಯಿಯಿಂದ ಅಲ್ಲಿನವರು ಕೇಳುವ ಲಸಿಕೆ ರೇಬೀಸ್ ಒಂದೇ. ಆಸ್ಟ್ರೇಲಿಯಕ್ಕಾದರೆ ಇಲ್ಲಿಂದ ನೇರವಾಗಿ ನಾಯಿಯನ್ನು ಒಯ್ಯುವಂತೆಯೇ ಇಲ್ಲ, ಆ ದೇಶ ಒಪ್ಪಿದ ಮತ್ತೊಂದು ದೇಶದಲ್ಲಿ ಅದು ಮೊದಲು ವಾಸವಿರಬೇಕು; ಅಲ್ಲಿ ನಮ್ಮ ಕಾರ್ಡಿನ ಒಂಬತ್ತು ಹೆಸರುಗಳು ಆ ತಡೆಯನ್ನು ತೆಗೆಯುವುದಿಲ್ಲ. ಮೇಲಾಗಿ ಕಡೂರು ದಾಟದ ನಾಯಿಗಳೇ ನಮ್ಮಲ್ಲಿ ಹೆಚ್ಚು.

ಹಣದ ಮಾತು ಆಡಲು ಸಂಕೋಚ ಬೇಡ. ಬಂಗಲೆಯ ಲ್ಯಾಬ್ರಡಾರ್‌ಗೆ ಪ್ರತಿವರ್ಷ ಎಲ್ಲವೂ ಬೀಳುತ್ತದೆ. ಲೈನ್‌ಮನೆಗಳ ಸುತ್ತಲಿನ ನಾಟಿ ನಾಯಿಗಳಿಗೆ ರೇಬೀಸ್ ಲಸಿಕೆಯೂ ಬಿದ್ದಿರುವುದಿಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡ 70ರಷ್ಟಕ್ಕೆ ಲಸಿಕೆಯಾದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ, ಆ ಎಣಿಕೆಯಲ್ಲಿ ಲ್ಯಾಬ್ರಡಾರ್ ಒಂದೇ ಒಂದು ನಾಯಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಪಶುಪಾಲನಾ ಇಲಾಖೆ ನಡೆಸುವ ಉಚಿತ ಶಿಬಿರಗಳಿಗೆ ಈ ನಾಯಿಗಳನ್ನು ಹಗ್ಗ ಹಾಕಿ ಹಿಡಿದು ತರಲು ಇಬ್ಬರು ಆಳು, ಒಂದು ಜೀಪು ಸಾಕು. ಸಂಯುಕ್ತ ಲಸಿಕೆಯನ್ನು ಮೂರು ವರ್ಷಕ್ಕೊಮ್ಮೆ ಮಾಡಿಕೊಂಡರೆ ಉಳಿಯುವ ದುಡ್ಡಿನಲ್ಲಿ ಆ ದಿನದ ಕೂಲಿಯೂ ಡೀಸೆಲ್ಲೂ ಹುಟ್ಟುತ್ತವೆ.