ಐನ್‌ಸ್ಟೀನ್ ಹುಟ್ಟಿದ ದಿನ ಹುಟ್ಟಿದ್ದಕ್ಕೆ

ಹುಟ್ಟುಹಬ್ಬದ ಬೆಳಗ್ಗೆ ಮನುಷ್ಯನಿಗೆ ಬೇಕಾಗಿರುವುದು ಒಂದು ಸರಳ ಶುಭಾಶಯ. ಇಂದು ನನಗೆ ಸಿಕ್ಕಿದ್ದು ಒಂದು ಪಟ್ಟಿ. ಕಚೇರಿಗೆ ಕಾಲಿಟ್ಟ ಕೂಡಲೇ ಪಕ್ಕದ ಮೇಜಿನ ಮಹನೀಯರು ನನ್ನ ಕೈ ಕುಲುಕಿ, ಆ ಕೈಯನ್ನು ಬಿಡದೆಯೇ, "ಮಾರ್ಚ್ 14 ಅಂದರೆ ಐನ್‌ಸ್ಟೀನ್ ಹುಟ್ಟಿದ ದಿನ ಕಣ್ರೀ! 1879, ಜರ್ಮನಿಯ ಉಲ್ಮ್ ಪಟ್ಟಣ" ಎಂದರು. ಬಳಿಕ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆ ನೋಟದಲ್ಲಿ ಕುಹಕವೇನೂ ಇರಲಿಲ್ಲ. ಒಂದೇ ದಿನಾಂಕ ಇಷ್ಟು ಭಿನ್ನವಾದ ಫಲ ಕೊಡುವುದು ಹೇಗೆ ಎಂಬ ಶುದ್ಧ ವೈಜ್ಞಾನಿಕ ಕುತೂಹಲವಷ್ಟೇ ಇತ್ತು.

'ಇತಿಹಾಸದಲ್ಲಿ ಈ ದಿನ' ಎಂಬ ಅಂಕಣವನ್ನು ನಾವೆಲ್ಲರೂ ಓದುತ್ತೇವೆ, ಪುಟ ತಿರುವುವಷ್ಟರಲ್ಲಿ ಮರೆಯುತ್ತೇವೆ. ಇವರು ಮರೆಯುವುದಿಲ್ಲ. ಯಾರ ಹುಟ್ಟುಹಬ್ಬವಾದರೂ ಸರಿ, ಮೊದಲು ಅಂದು ಹುಟ್ಟಿದವರು, ಅನಂತರ ಸತ್ತವರು, ಕೊನೆಯಲ್ಲಿ ಯುದ್ಧ, ಒಪ್ಪಂದ ಹಾಗೂ ಇತರೆ. ನನ್ನ ಪಾಲಿನ ಸತ್ತವರಲ್ಲಿ 1883ರ ಕಾರ್ಲ್ ಮಾರ್ಕ್ಸ್ ಮೊದಲಿನಿಂದಲೂ ಇದ್ದರು. 2018ರಲ್ಲಿ ಸ್ಟೀಫನ್ ಹಾಕಿಂಗ್ ಕೂಡ ಇದೇ ದಿನ ತೀರಿಕೊಂಡ ಮೇಲೆ ನನಗೆ ಬರುವ ಶುಭಾಶಯದಲ್ಲಿ ಸಂತಾಪದ ಪ್ರಮಾಣವೇ ಹೆಚ್ಚಾಗಿದೆ.

ಇಂದಂತೂ ಅದು ವಿಪರೀತಕ್ಕೆ ಹೋಯಿತು. ಮಹನೀಯರು ಸತ್ತವರ ಭಾಗಕ್ಕೆ ಬಂದಾಗ ದನಿ ತಗ್ಗಿಸಿ, ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ದೂರದಲ್ಲಿ ಕುಳಿತಿದ್ದ ಹಿರಿಯ ಗುಮಾಸ್ತರೊಬ್ಬರು ಇದನ್ನು ಕಂಡು, ನಮ್ಮ ಮನೆಯಲ್ಲೇ ಏನೋ ಆಗಿರಬೇಕೆಂದು ಭಾವಿಸಿ, ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ವಯಸ್ಸಾಗಿತ್ತೇ?" ಎಂದು ಮೆಲ್ಲಗೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಹನೀಯರು "ಎಪ್ಪತ್ತಾರು" ಎಂದರು. "ಕಾಯಿಲೆಯಿತ್ತೇ?" "ಇಪ್ಪತ್ತೊಂದನೆಯ ವಯಸ್ಸಿನಿಂದ. ಗಾಲಿಕುರ್ಚಿಯಲ್ಲೇ ಜೀವನ ಸವೆಸಿದರು." ಗುಮಾಸ್ತರ ಕಣ್ಣು ತುಂಬಿ ಬಂತು. "ಎಂಥ ಜೀವ! ಇಷ್ಟು ದಿನ ನೀವು ಒಂದು ಮಾತೂ ಹೇಳಲಿಲ್ಲವಲ್ಲ" ಎಂದು ನನ್ನನ್ನೇ ಆಕ್ಷೇಪಿಸಿದರು. ಕಪ್ಪುಕುಳಿಗಳ ವಿಚಾರ ಬರುವ ಹೊತ್ತಿಗೆ ಅವರಿಗೆ ಸಂಶಯ ಹುಟ್ಟಿತೆಂದು ಕಾಣುತ್ತದೆ, ಆದರೆ ಅಷ್ಟರಲ್ಲಿ ಇನ್ನಿಬ್ಬರು ಎದ್ದು ಬಂದಾಗಿತ್ತು. ಮಹನೀಯರು ಯಾವುದಕ್ಕೂ ವಿಚಲಿತರಾಗದೆ, ಭಾರತದ ಮೊದಲ ವಾಕ್ಚಿತ್ರ ತೆರೆಕಂಡದ್ದು 1931ರ ಇದೇ ದಿನವೆಂದು ಮುಂದುವರಿಸಿದರು. ಅಂದು ಮಾತು ಆರಂಭಿಸಿದ ಚಿತ್ರಗಳಿಗಾದರೂ ಮಧ್ಯಂತರವಿರುತ್ತದೆ.

ನನ್ನ ಪರವಾಗಿ ವಾದಿಸಬಲ್ಲವರು ವಾಸ್ತವದಲ್ಲಿ ಆ ಹಾಕಿಂಗ್ ಅವರೇ. ಅವರು ಹುಟ್ಟಿದ್ದು 1942ರ ಜನವರಿ 8ರಂದು, ಗೆಲಿಲಿಯೋ ನಿಧನಕ್ಕೆ ಸರಿಯಾಗಿ 300 ವರ್ಷ ತುಂಬಿದ ದಿನ. ಜನ ಇದರಲ್ಲಿ ವಿಧಿಯ ಕೈವಾಡ ಕಂಡರೆ, ಅದೇ ದಿನ ಇನ್ನೂ ಸುಮಾರು ಎರಡು ಲಕ್ಷ ಶಿಶುಗಳು ಹುಟ್ಟಿರಬೇಕೆಂದು ಅವರೇ ಅಂದಾಜು ಮಾಡಿ ಹೇಳಿದ್ದರು. ಲೋಕದ 800 ಕೋಟಿ ಜನರನ್ನು ವರ್ಷದ ದಿನಗಳಿಗೆ ಹಂಚಿದರೆ ಒಂದೊಂದು ದಿನಾಂಕಕ್ಕೂ ಎರಡು ಕೋಟಿಗಿಂತ ಹೆಚ್ಚು ವಾರಸುದಾರರು ಬರುತ್ತಾರೆ. ಇಪ್ಪತ್ತಮೂರು ಜನ ಸೇರಿದ ಕೋಣೆಯಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ತುಸು ಮೇಲಿದೆ. ಇಷ್ಟಾದರೂ ಪಟ್ಟಿಯಲ್ಲಿ ಐನ್‌ಸ್ಟೀನ್ ಒಬ್ಬರೇ ಕುಳಿತಿರುತ್ತಾರೆ. ಡಾರ್ವಿನ್ ಮತ್ತು ಲಿಂಕನ್ 1809ರ ಫೆಬ್ರುವರಿ 12ರಂದು ಒಟ್ಟಿಗೆ ಹುಟ್ಟಿದ ಸಂಗತಿಗೆ ಬೆರಗಾಗುವವರು, ಅಂದೇ ಹುಟ್ಟಿ ಯಾವ ಸಿದ್ಧಾಂತವನ್ನೂ ಮಂಡಿಸದೆ, ಯಾವ ದೇಶವನ್ನೂ ಆಳದೆ, ಹೊತ್ತಿಗೆ ಸರಿಯಾಗಿ ಮಲಗಿದವರನ್ನು ನೆನೆಯುವುದಿಲ್ಲ.

ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಹುಡುಗನೊಬ್ಬನ ಹುಟ್ಟುಹಬ್ಬವೂ ಇದೇ ದಿನವಾಗಿತ್ತು. ತರಗತಿಯವರು ಇಬ್ಬರಿಗೂ ಸೇರಿಸಿ ಒಂದೇ ಸಲ ಚಪ್ಪಾಳೆ ತಟ್ಟುತ್ತಿದ್ದರು, ಅದರಲ್ಲಿ ಯಾರ ಪಾಲು ಎಷ್ಟೆಂದು ನಾವು ದಿನವಿಡೀ ಜಗಳವಾಡುತ್ತಿದ್ದೆವು. ದೊಡ್ಡವರಾದ ಮೇಲೂ ಪ್ರತಿ ವರ್ಷ ಅವನು ಫೋನ್ ಮಾಡುತ್ತಿದ್ದ. ಇಬ್ಬರೂ ಒಮ್ಮೆಲೇ ಶುಭಾಶಯ ಹೇಳಿ ಇಬ್ಬರಿಗೂ ಏನೂ ಕೇಳಿಸದೆ ನಗುತ್ತಿದ್ದೆವು. ಈಗ ಆ ಕರೆ ಬರುವುದಿಲ್ಲ. ಅವನು ಹೋದ ತಾರೀಖು ನನಗೆ ಗೊತ್ತು, ಅದು ಯಾವ ಅಂಕಣದಲ್ಲೂ ಬರುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸೇಡು ತೀರಿಸಿಕೊಳ್ಳದೆ ಬಿಡಬಾರದೆನಿಸಿತು. ಮಹನೀಯರು ಹುಟ್ಟಿದ್ದು ಫೆಬ್ರುವರಿ 29ರಂದು ಎಂಬುದನ್ನು ಕಚೇರಿಯ ಕಡತದಿಂದ ಪತ್ತೆ ಮಾಡಿ, ಸಾಕಷ್ಟು ಸಿದ್ಧತೆಯೊಂದಿಗೆ ಅವರ ಮುಂದೆ ನಿಂತು, "1792ರಲ್ಲಿ ಇಟಲಿಯ ಸಂಗೀತಗಾರ ರೊಸ್ಸೀನಿ, 1896ರಲ್ಲಿ ಮೊರಾರ್ಜಿ ದೇಸಾಯಿ, ಆಮೇಲೆ ತಾವು" ಎಂದು ಹೇಳಿ, ಅವರು ನೋಡುವ ರೀತಿಯಲ್ಲೇ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಅವರ ಮುಖ ಅರಳಿತು. ಇಷ್ಟು ವರ್ಷಗಳಲ್ಲಿ ತಮ್ಮ ದಿನದ ಬಗ್ಗೆ ವಿಚಾರಿಸಿದವರು ನಾನೊಬ್ಬನೇ ಎಂದು ಎದೆ ತುಂಬಿ ಹೇಳಿ, ಕುರ್ಚಿಯೊಂದನ್ನು ನನ್ನ ಕಡೆಗೆ ಎಳೆದು, "ಹಾಗಾದರೆ 1504ರ ಫೆಬ್ರುವರಿ 29ರ ಚಂದ್ರಗ್ರಹಣವನ್ನು ಮುಂಚೆಯೇ ತಿಳಿದಿದ್ದ ಕೊಲಂಬಸ್, ಜಮೈಕಾದ ಜನರನ್ನು ಹೇಗೆ ಹೆದರಿಸಿದ ಎಂಬುದರಿಂದಲೇ ಶುರು ಮಾಡೋಣ, ಕುಳಿತುಕೊಳ್ಳಿ" ಎಂದರು.